ಹತ್ತು ಗಂಟೆಯ ಮೇಲಿನ ಉಸಿರು

ಆ ಹಾಳೆ ಬರೆದವಳು ನಾನೇ. ಬೇರೆಯವರ ತಲೆಗೆ ಕಟ್ಟುವ ಹಾಗಿಲ್ಲ. ಡಿಸೆಂಬರ್ ಎರಡನೇ ತಾರೀಖು, ಶುಕ್ರವಾರ. ಹೊಲಿಗೆ ಕಾರ್ಖಾನೆಯಿಂದ ಬಂದವಳು ಕೋಟು ಕೂಡ ಬಿಚ್ಚದೆ ಕರೆಂಟು ಬಿಲ್ಲನ್ನು ಅಡುಗೆಮನೆಯ ಮೇಜಿನ ಮೇಲೆ ಬಡಿದೆ. ಮಗಳ ಗಣಿತದ ನೋಟುಪುಸ್ತಕದಿಂದ ಒಂದು ಹಾಳೆ ಕಿತ್ತು ಬರೆಯಲು ಕೂತೆ.

ಮುನ್ನೂರ ಹನ್ನೆರಡು ಲೆವಾ. ನನ್ನ ಸಂಬಳದ ಮೂರನೇ ಒಂದು ಪಾಲು. ಹಿಂದಿನ ವರ್ಷ ಇದೇ ತಿಂಗಳಿಗೆ ಇದರ ಅರ್ಧವೂ ಬಂದಿರಲಿಲ್ಲ, ಅಂತ ಜೋರಾಗಿಯೇ ಅಂದೆ. ಆದರೆ ಹಿಂದಿನ ವರ್ಷ ಮನೆಯಲ್ಲಿ ಮಾವನ ಯಂತ್ರ ಇರಲಿಲ್ಲ.

ಮಾವ ರಂಗೆಲ್ ಇಪ್ಪತ್ತೆಂಟು ವರ್ಷ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ನಮ್ಮ ಗಣಿಯೂರು ಪೆರ್ನಿಕ್ಕಿನಲ್ಲಿ ಅವರ ವಯಸ್ಸಿನ ಗಂಡಸರಲ್ಲಿ ಯಾರನ್ನು ಮುಟ್ಟಿದರೂ ಎದೆಯೊಳಗೆ ಗಣಿಯ ಧೂಳು ಇದ್ದೇ ಇರುತ್ತದೆ. ಸೆಪ್ಟೆಂಬರಿನಲ್ಲಿ ನಾಲ್ಕು ಮೆಟ್ಟಿಲು ಹತ್ತಿ ಐದನೆಯದಕ್ಕೆ ಕೂತುಬಿಟ್ಟರು. ಶ್ವಾಸಕೋಶದ ಡಾಕ್ಟರಮ್ಮ ಒಂದು ಆಮ್ಲಜನಕದ ಯಂತ್ರ ಬೇಕೇ ಬೇಕು ಅಂದರು. ನನ್ನ ಗಂಡ ಕಾಮೆನ್ ಯಾರದೋ ಮನೆಯಿಂದ, ಯಾರೋ ಸತ್ತ ಮೇಲೆ ಮಾರಿದ್ದನ್ನು ಕೊಂಡು ತಂದ. ಮಂಚದ ಪಕ್ಕದ ಸಣ್ಣ ಕಪಾಟಿನಷ್ಟಿತ್ತು, ಕೆಳಗೆ ಗಾಲಿ. ಗೋಡೆಯ ಪ್ಲಗ್ಗಿಗೆ ಹಾಕಿದರೆ ಗಾಳಿ ಎಳೆದುಕೊಂಡು ಮೂಗಿನ ಕೊಳವೆಗೆ ಆಮ್ಲಜನಕ ಕೊಡುತ್ತಿತ್ತು. “ದಿನಕ್ಕೆ ಹದಿನಾರು ಗಂಟೆ. ಅದಕ್ಕಿಂತ ಕಡಿಮೆ ಆಗಕೂಡದು” ಅಂತ ಡಾಕ್ಟರಮ್ಮ ನಮ್ಮೆಲ್ಲರ ಎದುರಿಗೇ ಹೇಳಿದ್ದರು.

ರಾತ್ರಿ ಊಟಕ್ಕೆ ಎಲ್ಲರೂ ಸೇರಿದಾಗ ಹಾಳೆ ಓದಿದೆ. ಊಟ ಅಂದರೆ ಹುರುಳಿಕಾಯಿ ಬೀಜದ ಸಾರು, ಬ್ರೆಡ್ಡು, ಉಪ್ಪುನೀರಿನ ಎಲೆಕೋಸು.

“ಒಂದು. ಬಾಯ್ಲರ್ ರಾತ್ರಿ ಹತ್ತಕ್ಕೆ ಮುಂಚೆ ಹಾಕೋ ಹಾಗಿಲ್ಲ. ಬೆಳಿಗ್ಗೆ ಆರಕ್ಕೆ ಆರಿಸ್ಬೇಕು. ಎರಡು. ಬಟ್ಟೆ ತೊಳೆಯೋ ಯಂತ್ರ, ಇಸ್ತ್ರಿ, ಎಲ್ಲ ಹತ್ತರ ಮೇಲೆ. ಮೂರು. ಒವನ್ ಭಾನುವಾರ ಮಾತ್ರ.”

“ಸತ್ತವರ ನೆನಪಿಗೆ ಬ್ರೆಡ್ ಮಾಡೋದು ಶನಿವಾರ ಕಣೇ,” ಅಂದರು ಅತ್ತೆ ಸ್ಟೊಯ್ನಾ. “ಅವರಿಗೂ ಭಾನುವಾರದವರೆಗೆ ಕಾಯಿರಿ ಅನ್ನಲಾ?”

“ಕಾಯಲಿ ಬಿಡಿ, ಅವರಿಗೇನು ಕೆಲಸ? ನಾಲ್ಕು. ಎಲ್ಲರೂ ಅಡುಗೆಮನೆಯಲ್ಲೇ ಕೂರಬೇಕು. ಇಲ್ಲೊಂದೇ ಕಡೆ ಬಿಸಿಗಾಳಿ ಹಾಕೋದು. ಐದು. ಕೋಣೆ ಬಿಟ್ಟವರು ದೀಪ ಆರಿಸ್ಬೇಕು, ದಿಲ್ಯಾನಾ, ಇದು ನಿನಗೆ.”

“ನನಗೊಬ್ಬಳಿಗೇನಾ? ಅಪ್ಪ ಶೌಚಾಲಯದ ದೀಪ ಹಾಕ್ಕೊಂಡೇ ಸೋಫಿಯಾಕ್ಕೆ ಹೋಗ್ತಾರೆ!”

“ಒಂದೇ ದಿನ ಹಾಗಾಗಿದ್ದು,” ಅಂದ ಕಾಮೆನ್. ಅವನು ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾನೆ, ಬೆಳಿಗ್ಗೆ ಐದಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುತ್ತಾನೆ.

“ಆರು,” ಅಂದೆ ನಾನು, ದನಿ ಎತ್ತರಿಸಿ. “ರಾತ್ರಿ ಹತ್ತರವರೆಗೆ ಕಾಯಬಹುದಾದ್ದೆಲ್ಲ ಹತ್ತರವರೆಗೆ ಕಾಯಬೇಕು. ಹತ್ತರ ಮೇಲೆ ಕರೆಂಟಿಗೆ ಅರ್ಧ ದರ. ಇದು ಯಾರಿಗಾದ್ರೂ ಗೊತ್ತಿಲ್ವಾ?”

ಯಾರಿಗೆ ಗೊತ್ತಿಲ್ಲ! ನಮ್ಮ ಕಟ್ಟಡದಲ್ಲಿ ಹತ್ತು ಹೊಡೆದ ಐದು ನಿಮಿಷಕ್ಕೆ ಎಂಟೂ ಅಂತಸ್ತಿನಲ್ಲಿ ಬಟ್ಟೆ ತೊಳೆಯುವ ಯಂತ್ರಗಳು ಒಟ್ಟಿಗೆ ಗುಡುಗುತ್ತವೆ. ಮದುವೆಯಾಗಿ ಬಂದ ಮೊದಲ ವಾರ ಭೂಕಂಪ ಅಂದುಕೊಂಡು ಎದ್ದು ಕೂತಿದ್ದೆ.

ಮಾವ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿದರು. ಊಟದ ಮೇಜಿನವರೆಗೆ ಕೊಳವೆ ಬರುತ್ತಿರಲಿಲ್ಲ, ಯಂತ್ರ ಅವರ ಕೋಣೆಯಲ್ಲಿತ್ತು. ಹಾಗಾಗಿ ಊಟದ ಹೊತ್ತಿಗೆ ಅದನ್ನು ತೆಗೆದಿಟ್ಟು ಬರುತ್ತಿದ್ದರು.

“ಒಳ್ಳೆ ಹುಕುಂ,” ಅಂದರು. “ಗಣಿಯಲ್ಲೂ ಹೀಗೇ ಗೋಡೆಗೆ ಹಚ್ಚಿರ್ತಿದ್ರು. ಸಹಿ ಎಲ್ಲಿ ಹಾಕ್ಬೇಕು?”

“ಸಹಿ ಬೇಡ ಮಾವ. ಪಾಲಿಸಿದ್ರೆ ಸಾಕು.”

“ಪಾಲಿಸ್ದೆ ಇರ್ತೀನಾ? ರಂಗೆಲ್ ಯಾವತ್ತು ಹುಕುಂ ಮೀರಿದಾನೆ, ಹೇಳು?” ಅಂತ ಕೆಳಗೆ ಸಹಿಯನ್ನೂ ಹಾಕಿದರು. ಎಲ್ಲರೂ ನಕ್ಕೆವು. ನಾನು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಯಂತ್ರ ಇದರಲ್ಲಿ ಸೇರಿಲ್ಲ ಅಂತ ನಾನು ಹೇಳಬೇಕಿತ್ತು. ಒಂದು ಮಾತು. ನನ್ನ ತಲೆಗೆ ಹೊಳೆಯಲೇ ಇಲ್ಲ. ಉಸಿರಾಟವನ್ನು ಯಾರಾದರೂ ಹತ್ತರವರೆಗೆ ಕಾಯಿಸುತ್ತಾರಾ?

ಮಾರನೇ ದಿನ, ಮೂರನೇ ತಾರೀಖು, ಯಂತ್ರದ ಗಾಳಿ ಸೋಸುವ ಜರಡಿ ಬದಲಿಸಲು ಒಬ್ಬ ಬಂದ. ಯಂತ್ರದ ಬೆನ್ನಿಗೆ ಒಂದು ಸಣ್ಣ ಕಿಂಡಿ, ಅದರಲ್ಲಿ ಅದು ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಅಂಕಿ ತಿರುಗುತ್ತದೆ. ಅವನು ಆ ಅಂಕಿಯನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಅಲ್ಲೇ ಅಂಟಿಸಿ ಹೋದ. ನಾನು ಚೀಟಿ ನೋಡಿದೆ, ಮರೆತೆ.

ಆಮೇಲೆ ನಮ್ಮ ಮನೆ ಸೈನ್ಯದ ಬಿಡಾರವಾಯಿತು. ಅತ್ತೆ ಬೀಜದ ಪಾತ್ರೆಯನ್ನು ಒಂದು ಕುದಿ ಬರಿಸಿ, ಗಾದಿಯಲ್ಲಿ ಸುತ್ತಿ, ಮಂಚದ ಮೇಲೆ ದಿಂಬುಗಳ ನಡುವೆ ಮಲಗಿಸುತ್ತಿದ್ದರು, ಸಂಜೆಗೆ ತಾನೇ ಬೆಂದಿರುತ್ತಿತ್ತು. ಕಾಮೆನ್ ತಣ್ಣೀರಿನಲ್ಲಿ ಗಡ್ಡ ಹೆರೆದುಕೊಂಡು ಕೆನ್ನೆಯೆಲ್ಲ ಕೊಯ್ದುಕೊಂಡ. ದಿಲ್ಯಾನಾ ನಮ್ಮ ಮೇಲೆ ಪೊಲೀಸಾದಳು.

“ಅಜ್ಜಿ, ಬಾಯ್ಲರ್ ಕೆಂಪು ದೀಪ ಉರೀತಿದೆ! ಗಂಟೆ ಒಂಬತ್ತೂ ನಲವತ್ತು!”

“ಇಪ್ಪತ್ತು ನಿಮಿಷಕ್ಕೆ ನನ್ನ ಗಲ್ಲಿಗೇರಿಸ್ತೀಯೇನೇ ಮುಂಡೇದೇ?”

“ಹುಕುಂ ಅಂದ್ರೆ ಹುಕುಂ!”

ದಿಲ್ಯಾನಾ ಏಳನೇ ತರಗತಿ. ಬೇಸಿಗೆಗೆ ಮುಂಚೆ ಪರೀಕ್ಷೆ, ಅದರಲ್ಲಿ ಅಂಕ ಬಂದರೆ ಸೋಫಿಯಾದ ಭಾಷಾ ಶಾಲೆ. ಅದಕ್ಕಾಗಿ ವಾರಕ್ಕೆರಡು ಸಲ ಗಣಿತದ ಮನೆಪಾಠ. ಮನೆಪಾಠವಿಲ್ಲದೆ ಆ ಶಾಲೆಗೆ ಸೇರಿದ ಒಂದು ಮಗುವನ್ನೂ ನಾನು ಕಂಡಿಲ್ಲ. ಬಿಲ್ಲು ಇಳಿಯಬೇಕು ಅಂತ ನಾನು ಅಷ್ಟು ಹಟ ಹಿಡಿದದ್ದು ಆ ಪಾಠದ ದುಡ್ಡಿಗಾಗಿಯೇ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಸಂಜೆ ಅವಳ ಪಕ್ಕ ಕೂತು ಲೆಕ್ಕ ಬಿಡಿಸುವುದನ್ನು ನೋಡುತ್ತಿದ್ದರು.

ಜನವರಿ ಏಳಕ್ಕೆ ಮುಂದಿನ ಬಿಲ್ಲು ಬಂತು. ಇನ್ನೂರ ಹನ್ನೊಂದು. ನಾನು ಮೆಟ್ಟಿಲ ಮೇಲೇ ಕೂಗಿಕೊಂಡು ಬಂದೆ. ಆವತ್ತು ಹೇಗೂ ಹಬ್ಬದ ಶನಿವಾರ. ಭಾನುವಾರದ ನಿಯಮವನ್ನು ನಾನೇ ಮುರಿದು ಒವನ್ ಹಾಕಿ, ಎಲೆಕೋಸಿನ ಮೇಲೆ ಕೋಳಿ ಬೇಯಿಸಿದೆ. ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿ ಹೊರಗೆ ಬಂತು.

“ಎಲ್ಲ ನನ್ನ ಗಾದಿಯಿಂದ,” ಅಂದರು ಅತ್ತೆ.

“ನನ್ನ ಕೆನ್ನೆ ನೋಡು, ಅದರಿಂದ,” ಅಂದ ಕಾಮೆನ್.

“ನಿಮ್ಮೆಲ್ಲರ ಹಿಂದೆ ದೀಪ ಆರಿಸ್ತಾ ಓಡಾಡಿದ್ದು ಯಾರು?” ಅಂದಳು ದಿಲ್ಯಾನಾ.

ಮಾವ ಪುಟ್ಟ ಲೋಟ ಎತ್ತಿದರು. ತುಟಿಯ ಬಣ್ಣ ಒಂಥರಾ ಇತ್ತು, ನೇರಳೆ ತಿಂದವರ ಹಾಗೆ. “ಮೂರನೇ ಪಾಳಿಯೂ ಏನೋ ಒಂದಿಷ್ಟು ಮಾಡಿದೆ ಅಂದ್ಕೊಳ್ಳಿ,” ಅಂದರು. ಮೂರನೇ ಪಾಳಿ ಅಂದರೆ ಗಣಿಯ ರಾತ್ರಿ ಪಾಳಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಮುದುಕರು ಹಳೇ ದಿನ ನೆನೆಸಿಕೊಂಡರು ಅಂತ ನಾವು ಲೋಟ ತಾಗಿಸಿದೆವು. ಅತ್ತೆ ಮಾತ್ರ ತಟ್ಟೆ ನೋಡುತ್ತಿದ್ದರು.

“ಚಳಿ ಹತ್ತಿದೆ ಮಾವ ನಿಮಗೆ. ಎರಡು ಜೊತೆ ಕಾಲುಚೀಲ ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ,” ಅಂತ ಗದರಿದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳ!

ಆ ತಿಂಗಳು ಅವರು ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಸಂಜೆಗೆ ತಲೆನೋವು ಅನ್ನುತ್ತಿದ್ದರು. ಸಾರಿನಲ್ಲಿ ಚಮಚ ಹಾಕಿದವರು ಎತ್ತಲು ಮರೆಯುತ್ತಿದ್ದರು. ನಾನು ನಾಲ್ಕು ಗಂಟೆಗೆ ಮನೆಗೆ ಬರುವ ಹೊತ್ತಿಗೆ ಮಾತ್ರ ದಿನವೂ ಮೂಗಿಗೆ ಕೊಳವೆ ಹಾಕಿಕೊಂಡು, ಪಕ್ಕದಲ್ಲಿ ಯಂತ್ರ ಬುಸುಗುಡುತ್ತ, ಮಂಚದ ಮೇಲೆ ಜಾಣ ಹುಡುಗನ ಹಾಗೆ ಕೂತಿರುತ್ತಿದ್ದರು. “ಇವತ್ತಿನ ಗಂಟೆಗಳಾದ್ವು,” ಅಂತ ಸ್ವಲ್ಪ ಹೊತ್ತಿಗೆ ಎದ್ದು ಅಡುಗೆಮನೆಗೆ ಬರುತ್ತಿದ್ದರು.

ಜನವರಿ ಇಪ್ಪತ್ತೆಂಟು, ಇನ್ನೊಂದು ಶನಿವಾರ. ಜರಡಿಯ ಧೂಳು ಕೊಡವು ಅಂತ ದಿಲ್ಯಾನಾಳನ್ನು ಅಜ್ಜನ ಕೋಣೆಗೆ ಕಳಿಸಿದ್ದೆ. ಕಾಮೆನ್ ಮನೆಯಲ್ಲಿದ್ದ. ಅವಳು ನೋಟುಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು.

“ಅಮ್ಮಾ, ಚೀಟಿಯಲ್ಲಿ ಐದು ಸಾವಿರದ ಇನ್ನೂರ ಹತ್ತು ಅಂತಿದೆ. ಈಗ ಐದು ಸಾವಿರದ ಆರುನೂರ ಎಪ್ಪತ್ತೈದು. ಐವತ್ತಾರು ದಿನ. ದಿನಕ್ಕೆ ಎಂಟು ಗಂಟೆ ಹದಿನೆಂಟು ನಿಮಿಷ ಬರ್ತಿದೆ.”

“ಲೆಕ್ಕ ತಪ್ಪಿದೀಯ. ಹದಿನಾರು ಬರ್ಬೇಕು.”

“ಮೂರು ಸಲ ಮಾಡಿದೆ.”

ಕಾಮೆನ್ ಪುಸ್ತಕ ಕಸಿದುಕೊಂಡು ತಾನೂ ಮಾಡಿದ. ಎಂಟು ಗಂಟೆ ಹದಿನೆಂಟು ನಿಮಿಷ. ಎಂಟು ಗಂಟೆ ಅಂದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಉಳಿದ ಹದಿನೆಂಟು ನಿಮಿಷ ನಾನು ಮನೆಗೆ ಬರುವ ಹೊತ್ತಿನ ನಾಟಕ.

ಮಾವ ಬಾಗಿಲಲ್ಲಿ ನಿಂತಿದ್ದರು. ಚೌಕಟ್ಟು ಹಿಡಿದುಕೊಂಡೇ ನಿಂತಿದ್ದರು.

“ಏನ್ ಮಾವ ಇದು?” ಅಂದೆ.

“ಯಾಕೆ? ನಿನ್ನ ಹಾಳೆಯಲ್ಲೇ ಇದೆಯಲ್ಲ. ಆರನೇದು. ಕಾಯಬಹುದಾದ್ದೆಲ್ಲ ಕಾಯಬೇಕು.” ಉಸಿರು ತೆಗೆದುಕೊಂಡರು. “ನನಗೆ ಕಾಯಕ್ಕಾಯ್ತು, ಕಾದೆ.”

“ಅದು ಬಟ್ಟೆಗೆ ಬರೆದದ್ದು! ಬಾಯ್ಲರ್‌ಗೆ ಬರೆದದ್ದು!”

“ಹಾಗಂತ ಬರೆದಿಲ್ಲ.”

“ಅಪ್ಪ, ನಿಮಗೆ ಹುಚ್ಚಾ?” ಅಂತ ಕಾಮೆನ್ ಮೇಜು ಗುದ್ದಿದ. “ಡಾಕ್ಟರು ಹದಿನಾರು ಗಂಟೆ ಅಂದಿದ್ದು ಕೇಳಿಸ್ಲಿಲ್ವಾ?”

“ಡಾಕ್ಟರಿಗೇನು, ಬಿಲ್ಲು ಅವರು ಕಟ್ತಾರಾ? ಎಂಟು ಗಂಟೆ ಸಾಕಪ್ಪಾ. ಗಣಿಯಲ್ಲಿ ಪಾಳಿ ಎಂಟೇ ಗಂಟೆ. ಎಂಟು ಗಂಟೆ ಕೆಳಗಿದ್ದು ಬಂದ್ಮೇಲೆ ಮನುಷ್ಯ ಮನೇಲಿರ್ತಾನೆ.”

ನಾನು ಅತ್ತೆಯ ಕಡೆ ತಿರುಗಿದೆ. “ನೀವು ಇಡೀ ದಿನ ಮನೇಲಿರ್ತೀರಲ್ಲ. ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ?”

“ಅವನು ಆಣೆ ಹಾಕಿಸ್ಕೊಂಡ.” ಅತ್ತೆ ಏಪ್ರನ್ನಿನ ಅಂಚು ಹಿಂಡುತ್ತಿದ್ದರು. “ಬಾಲ್ಕನಿಯಿಂದ ನೀನು ಬರೋದು ನೋಡಿ ನಾನೇ ಕೂಗಿ ಹೇಳ್ತಿದ್ದೆ, ಬಂದ್ಲು ಅಂತ. ಏನ್ ಮಾಡ್ಲಿ ಹೇಳು! ನೀನು ಆ ಬಿಲ್ಲು ಮೇಜಿಗೆ ಬಡಿದ ದಿನದಿಂದ ಅವನು ಒಂದು ತುತ್ತನ್ನೂ ಸಮಾಧಾನವಾಗಿ ತಿಂದಿಲ್ಲ. ನೀನು ಬಡಿದ ಸದ್ದು ಹೇಗಿತ್ತು ಅಂತ ನಿನಗೆ ಗೊತ್ತಾ?”

“ನಾನು ಮಾವನಿಗೆ ಅಂದಿದ್ನಾ? ಒಂದು ಮಾತು ಅಂದಿದ್ನಾ?”

“ಅನ್ಲಿಲ್ಲ. ‘ಹಿಂದಿನ ವರ್ಷ ಇಷ್ಟು ಬಂದಿರ್ಲಿಲ್ಲ’ ಅಂದೆ. ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಮನೇಲಿ ಹೊಸದಾಗಿ ಬಂದದ್ದು ಏನಿತ್ತು?”

ಫ್ರಿಜ್ಜಿನ ಮೇಲಿನ ಹಾಳೆ ಕಿತ್ತು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ. ದಿಲ್ಯಾನಾ ಅಳುತ್ತಿದ್ದಳು. “ನನ್ನ ಪಾಠಕ್ಕೇನಾ ಅಜ್ಜ? ನನ್ನ ಪಾಠಕ್ಕೆ ಹೀಗೆ ಮಾಡಿದ್ರಾ?” ಅಂದಳು.

“ಹುಚ್ಚಿ, ಪಾಠಕ್ಕೂ ಇದಕ್ಕೂ ಏನು ಸಂಬಂಧ,” ಅಂದರು ಮಾವ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಎರಡು ತಿಂಗಳು ನಮ್ಮೆಲ್ಲರನ್ನೂ ಹೇಗೆ ನಂಬಿಸಿದರೋ!

ಅದೇ ಮಧ್ಯಾಹ್ನ ಯಂತ್ರವನ್ನು ಅಡುಗೆಮನೆಗೆ ತಂದೆವು. ಫ್ರಿಜ್ಜಿನ ಪಕ್ಕ ಇಟ್ಟು, ಎದುರಿಗೆ ಮಾವನ ಹಳೇ ಸೋಫಾ ಎಳೆದು ಹಾಕಿದೆವು. ನಾನು ಅವರ ಮೂಗಿಗೆ ಕೊಳವೆ ಹಾಕಿ, ಗುಂಡಿ ಒತ್ತಿ, ದೇವರ ಮೇಲೆ, ನನ್ನ ಮಗಳ ಮೇಲೆ, ಸತ್ತುಹೋದ ನನ್ನ ತಾಯಿಯ ಮೇಲೆ ಆಣೆ ಹಾಕಿ ಹೇಳಿದೆ: “ಮಾವ, ಹಗಲೂ ಓಡ್ಲಿ, ರಾತ್ರಿನೂ ಓಡ್ಲಿ. ನನಗೆ ಬಿಲ್ಲು ಬೇಡ, ನೀವು ಬೇಕು.”

“ಆಯ್ತು ಮಗಳೇ,” ಅಂದರು.

ತಡವಾಗಿತ್ತು. ಫೆಬ್ರವರಿ ಮೊದಲ ವಾರ ಅವರ ಕಾಲುಗಳು ಬೂಟು ಹಿಡಿಸದಷ್ಟು ಊದಿದವು. ಹತ್ತು ದಿನ ಆಸ್ಪತ್ರೆ. ಡಾಕ್ಟರಮ್ಮ ನಮ್ಮನ್ನು ಕಾರಿಡಾರಿಗೆ ಕರೆದು, ಆಮ್ಲಜನಕ ಸಾಲದೆ ಹೃದಯದ ಬಲಭಾಗ ದಣಿದುಹೋಗಿದೆ ಅಂದರು. “ಯಂತ್ರ ಕೆಟ್ಟಿತ್ತಾ?” ಅಂತ ಕೇಳಿದರು. ಕಾಮೆನ್ ನನ್ನ ಮುಖ ನೋಡಿದ. “ಇಲ್ಲ,” ಅಂದೆ. “ನಾವು ಕರೆಂಟು ಉಳಿಸ್ತಿದ್ವಿ.” ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಇನ್ನು ಮೇಲೆ ಒಂದು ಗಂಟೆ ಕೂಡ ತಪ್ಪಬಾರದು,” ಅಂದರು ಅಷ್ಟೇ. “ಇರೋ ದಿನಗಳೇ ಕಡಿಮೆ.”

ಮನೆಗೆ ಕರೆತಂದ ಮೇಲೆ ನಾನು ದಿನಾ ಅಂಕಿ ನೋಡತೊಡಗಿದೆ. ಕೆಲಸದಿಂದ ಬಂದು, ಬಾಗಿಲು ತೆಗೆದು, ನೆಟ್ಟಗೆ ಯಂತ್ರದ ಬೆನ್ನಿಗೆ ಹೋಗಿ ಬಗ್ಗುವುದು. ಒಂದು ದಿನ ಇಪ್ಪತ್ತು ಗಂಟೆ ಓಡಿರುತ್ತಿತ್ತು, ಇನ್ನೊಂದು ದಿನ ಹನ್ನೆರಡು. ಹನ್ನೆರಡಾದ ದಿನ ಜಗಳ.

“ಎಲ್ಲಿ ಹೋದ್ವು ಎಂಟು ಗಂಟೆ?”

“ಕಿವಿ ಹಿಂದೆ ಕೊಳವೆ ಉಜ್ಜಿ ಗಾಯ ಆಗಿದೆ ಕಣೇ, ಸ್ವಲ್ಪ ಬಿಡಿಸ್ಕೊಂಡಿದ್ದ,” ಅನ್ನುತ್ತಿದ್ದರು ಅತ್ತೆ.

“ಎಂಟು ಗಂಟೆ ಸ್ವಲ್ಪವಾ? ನೀವಿಬ್ರೂ ಸೇರಿ ನನ್ನನ್ನ ಕೊಲೆಗಾರ್ತಿ ಮಾಡ್ತೀರ!”

“ಕೂಗಾಡ್ಬೇಡ. ಕೆಳಗಿನ ಮನೆಯವರಿಗೆ ಕೇಳಿಸುತ್ತೆ.”

“ಕೇಳಿಸ್ಲಿ!”

ಕೆಲಸ ಬಿಟ್ಟು ಮನೆಯಲ್ಲಿ ಕೂರೋಣ ಅಂದುಕೊಂಡೆ. ನನ್ನ ಸಂಬಳವಿಲ್ಲದೆ ಬಿಲ್ಲೂ ಇಲ್ಲ, ಬ್ರೆಡ್ಡೂ ಇಲ್ಲ. ಕಾಮೆನ್ ಜೊತೆ ಅದನ್ನೇ ಮಾತಾಡುತ್ತ ಒಂದು ಸಂಜೆ ಹಜಾರದಲ್ಲಿ ದನಿ ಏರಿತು. ಹಗಲೂ ರಾತ್ರಿ ಯಂತ್ರ ಓಡಿದರೆ ಬಿಲ್ಲು ಎಷ್ಟಾಗುತ್ತದೆ ಅಂತ ಅವನು ಲೆಕ್ಕ ಹಾಕಿದ್ದ.

“ಮುನ್ನೂರ ಅರವತ್ತು. ಔಷಧಿ ಬೇರೆ. ಗಣಿತದ ಟೀಚರಿಗೆ ಈ ತಿಂಗಳು ಎಲ್ಲಿಂದ ಕೊಡ್ಲಿ?”

“ಪಾಠ ನಿಲ್ಸೋಣ.”

“ಪರೀಕ್ಷೆಗೆ ಮೂರು ತಿಂಗಳಿದೆ!”

“ಹಾಗಾದ್ರೆ ಏನು ನಿಲ್ಸೋಣ, ಹೇಳು? ನೀನೇ ಹೇಳು, ಏನು ನಿಲ್ಸೋಣ?”

ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಬಿಸಿಗಾಳಿ ಹೊರಗೆ ಹೋಗಬಾರದು ಅಂತ ಯಾವಾಗಲೂ ಮುಚ್ಚಿಡುವ ಬಾಗಿಲು, ಆವತ್ತೇ ತೆರೆದಿರಬೇಕೇ! ಒಳಗೆ ಹೋದಾಗ ಮಾವ ಸೋಫಾದಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಕೇಳಿಸಿಕೊಂಡರೋ ಇಲ್ಲವೋ, ನಾನು ಕೇಳಲಿಲ್ಲ. ಪಾಠ ನಿಂತಿತು. ದಿಲ್ಯಾನಾ ಪುಸ್ತಕ ತಂದು ಅಜ್ಜನ ಪಕ್ಕ ಕೂತು, ಒಬ್ಬಳೇ ಲೆಕ್ಕ ಬಿಡಿಸತೊಡಗಿದಳು. ಬರದಿದ್ದಾಗ ಪೆನ್ನಿನ ತುದಿ ಕಚ್ಚುತ್ತಿದ್ದಳು. ಮಾವ ನೋಡುತ್ತಿದ್ದರು.

ಮಾರ್ಚ್ ಒಂದಕ್ಕೆ, ನಮ್ಮ ಕಡೆಯ ಪದ್ಧತಿಯಂತೆ, ಅವಳೇ ಎಲ್ಲರ ಮಣಿಕಟ್ಟಿಗೂ ಕೆಂಪು ಬಿಳಿ ದಾರ ಕಟ್ಟಿ, ಆರೋಗ್ಯವಾಗಿರಿ ಅಂದಳು. ಆ ಸಂಜೆ ನಾನು ಕೆಲಸದಿಂದ ಬಂದು ಎಂದಿನಂತೆ ಯಂತ್ರದ ಹಿಂದೆ ಬಗ್ಗಿದಾಗ ಮಾವ ನನ್ನ ತೋಳು ಹಿಡಿದರು.

“ವೆನೆತಾ. ಒಂದು ಮಾತು ಕೇಳ್ತೀಯಾ?”

“ಹೇಳಿ ಮಾವ.”

“ಮನೆಗೆ ಬಂದ ಕೂಡ್ಲೇ ನೀನು ನನ್ನ ಮುಖ ನೋಡಲ್ಲ. ಅದರ ಬೆನ್ನು ನೋಡ್ತೀಯ. ನಾನೇನು ಮೀಟರಾ?” ಅವರು ಉಸಿರಿಗಾಗಿ ನಿಂತರು. “ಮೊದಲು ಬಂದವಳು ‘ಹೇಗಿದೀರಿ ಮಾವ’ ಅಂತಿದ್ದೆ. ಬೈಯೋಕಾದ್ರೂ ಮುಖ ನೋಡ್ತಿದ್ದೆ.”

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವರ ಪಕ್ಕ ಕೂತು ಅತ್ತುಬಿಟ್ಟೆ. ಅವರು ನನ್ನ ತಲೆ ಸವರಿದರು. “ಹಾಕ್ಕೊಂಡಿರ್ತೀನಿ,” ಅಂದರು. “ನಂಬು.”

“ಮಾತು ಕೊಡಿ.”

“ಕೊಟ್ಟೆ.”

ಆವತ್ತಿನಿಂದ ಅಂಕಿ ನೋಡುವುದನ್ನು ಬಿಟ್ಟೆ. ಬಂದವಳು ಮುಖ ನೋಡುತ್ತಿದ್ದೆ, ಹೇಗಿದೀರಿ ಅನ್ನುತ್ತಿದ್ದೆ, ಅವರು ಚೆನ್ನಾಗಿದೀನಿ ಅನ್ನುತ್ತಿದ್ದರು. ಯಂತ್ರ ಬುಸುಗುಡುತ್ತಿರುತ್ತಿತ್ತು. ಎರಡು ವಾರ ಮನೆಯಲ್ಲಿ ಜಗಳವಿರಲಿಲ್ಲ. ಅತ್ತೆ ಪಾಲಕ್ ಹಾಕಿ ಬನಿತ್ಸಾ ಮಾಡಿದರು, ಮಾವ ಎರಡು ತುಂಡು ತಿಂದರು. ಇನ್ನೇನು ಚಳಿ ಮುಗೀತು, ಬಿಸಿಗಾಳಿ ಆರಿಸಬಹುದು, ಬಿಲ್ಲು ಇಳಿಯುತ್ತದೆ, ಪಾಠ ಮತ್ತೆ ಶುರು ಮಾಡೋಣ ಅಂತ ಕಾಮೆನ್ ಹೇಳಿದ. ಮಾವ ತಲೆಯಾಡಿಸಿದರು.

ಮಾರ್ಚ್ ಹದಿನಾರು, ಗುರುವಾರ. ಕಾರ್ಖಾನೆಯಲ್ಲಿ ಬಟ್ಟೆ ಮುಗಿದು ಅರ್ಧ ಗಂಟೆ ಮುಂಚೆ ಬಿಟ್ಟರು. ಒಳ್ಳೇ ಬಿಸಿಲಿತ್ತು. ಕಟ್ಟಡದ ಮುಂದಿನ ಬೆಂಚಿನಲ್ಲಿ ಮುದುಕಿಯರು ಕೂತಿದ್ದರು. ತಲೆಯೆತ್ತಿದರೆ ನಾಲ್ಕನೇ ಅಂತಸ್ತಿನ ಬಾಲ್ಕನಿಯಲ್ಲಿ ಅತ್ತೆ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದರು. ನನ್ನನ್ನು ನೋಡಿ ಬೆಚ್ಚಿ, ಬಾಯಿಂದ ಕ್ಲಿಪ್ಪು ತೆಗೆದು, ಒಳಕ್ಕೆ ತಿರುಗಿ ಏನೋ ಕೂಗಿದರು.

ನನಗೆ ಕೆಳಗೇ ತಿಳಿಯಿತು. ಮೆಟ್ಟಿಲು ಎರಡೆರಡಾಗಿ ಹತ್ತಿದೆ.

ಬೀಗ ತೆಗೆದಾಗ ಮನೆಯಲ್ಲಿ ಸದ್ದಿರಲಿಲ್ಲ. ಬುಸುಗುಡುವುದು ಇರಲಿಲ್ಲ. ಮಾವ ಅಡುಗೆಮನೆಯ ನೆಲದ ಮೇಲೆ, ಯಂತ್ರದ ಮುಂದೆ, ಫ್ರಿಜ್ಜಿಗೆ ಒರಗಿ ಕೂತಿದ್ದರು. ಮೂಗಿಗೆ ಕೊಳವೆ ಸರಿಯಾಗಿ ಹಾಕಿಕೊಂಡಿದ್ದರು, ಎರಡೂ ಕಿವಿಯ ಹಿಂದೆ ಸುತ್ತಿ, ಗದ್ದದ ಕೆಳಗೆ ಬಿಗಿಮಾಡಿ, ನಾನು ತೋರಿಸಿಕೊಟ್ಟ ಹಾಗೆಯೇ. ಸೋಫಾದಿಂದ ಗುಂಡಿಗೆ ಮೂರು ಹೆಜ್ಜೆ. ಎರಡು ಹೆಜ್ಜೆಯಷ್ಟು ಬಂದಿದ್ದರು. ಯಂತ್ರದ ಮೇಲೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಬೆಳಿಗ್ಗೆಯಿಂದ ಓಡಿರಲಿಲ್ಲ.

ನಾನು ಗುಂಡಿ ಒತ್ತಿದೆ. ಎಷ್ಟು ಮಟ್ಟಕ್ಕೆ ತಿರುಗುತ್ತದೋ ಅಷ್ಟಕ್ಕೂ ತಿರುಗಿಸಿದೆ. ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಊದಿದೆ, “ಉಸಿರು ತಗೊಳ್ಳಿ ಮಾವ, ತಗೊಳ್ಳಿ, ದುಡ್ಡು ಬೇಡ ನನಗೆ” ಅಂತ ಕಿರುಚಿದೆ. ಅತ್ತೆ ಆಂಬುಲೆನ್ಸಿಗೆ ಫೋನು ಮಾಡಿದರು. ಅವರು ಬಂದರು, ನೋಡಿದರು, ಒಬ್ಬ ಹುಡುಗಿ ಗಂಟೆ ನೋಡಿ ಕಾಗದದಲ್ಲಿ ಬರೆದುಕೊಂಡಳು. ಹೊರಡುವಾಗ ನನ್ನ ಭುಜ ಮುಟ್ಟಿದಳು.

ಅತ್ತೆ ಸೋಫಾದ ಮೇಲೆ ಮಲಗಿಸಿದ ಗಂಡನ ಕಣ್ಣು ಮುಚ್ಚಿದರು. ಕೊಳವೆಯನ್ನು ಕಿವಿಯಿಂದ ಬಿಡಿಸಿ, ಸುರುಳಿ ಸುತ್ತಿ, ಯಂತ್ರದ ಮೇಲಿಟ್ಟರು. ಕಿಟಕಿ ತೆಗೆದರು. ಮೇಣದ ಬತ್ತಿ ಹಚ್ಚಿದರು. ಅಷ್ಟೂ ಮಾಡುವವರೆಗೆ ಅವರು ಅಳಲಿಲ್ಲ.

“ಪ್ರತಿದಿನ ಹೀಗೇನಾ?” ಅಂತ ಕೇಳಿದೆ. “ಮಾತು ಕೊಟ್ಟ ಮೇಲೂ?”

“ಪಾಠ ನಿಂತ ದಿನದಿಂದ. ನೀನು ಅಂಕಿ ನೋಡೋದು ಬಿಡೋವರೆಗೆ ಕದ್ದು ಕದ್ದು, ಅರ್ಧ ದಿನ. ಬಿಟ್ಟ ಮೇಲೆ ಇಡೀ ದಿನ.” ಅತ್ತೆ ಅವರ ಕಾಲಿಗೆ ಕಂಬಳಿ ಸರಿಮಾಡಿದರು. “ಏಪ್ರಿಲ್ ಹೊತ್ತಿಗೆ ಟೀಚರಿಗೆ ಕೊಡೋವಷ್ಟು ಆಗುತ್ತೆ ಅಂತಿದ್ದ. ಕೊನೆಗೆ ನಿನ್ನ ಎದುರಿಗೆ ಸಿಕ್ಕಿಬೀಳ್ಬಾರ್ದು ಅಂತ ಎದ್ದ. ಕೂತೇ ಇದ್ದಿದ್ರೆ ಆಗ್ತಿರ್ಲಿಲ್ಲವೇನೋ. ನಾನು ಕೂಗಬಾರದಿತ್ತು.”

“ನಾನು ಬೇಗ ಬರಬಾರದಿತ್ತು,” ಅಂದೆ.

ದಿಲ್ಯಾನಾ ಶಾಲೆಯಿಂದ ಬರಲು ಇನ್ನೂ ಒಂದು ಗಂಟೆ ಇತ್ತು. ಅವಳಿಗೆ ಹೇಗೆ ಹೇಳುವುದು ಅಂತ ಇಬ್ಬರಿಗೂ ತಿಳಿಯಲಿಲ್ಲ. ಯಂತ್ರ ಬುಸುಗುಡುತ್ತಲೇ ಇತ್ತು, ಸುರುಳಿ ಸುತ್ತಿದ ಕೊಳವೆಯ ತುದಿಯಿಂದ ಗಾಳಿ ಬರುತ್ತಲೇ ಇತ್ತು. ನಾವಿಬ್ಬರೂ ಅದನ್ನು ಕೇಳುತ್ತ ಕೂತಿದ್ದೆವು.

“ಆರಿಸೇ ವೆನೆತಾ,” ಅಂದರು ಅತ್ತೆ. “ಹಗಲು ದರ ಓಡ್ತಿದೆ.”

ನಾನು ಎದ್ದು ಆರಿಸಿದೆ.